ಮುರಾನೊ ಶಾಂಡ್ಲಿಯರ್ ಅಸಲಿಯೇ? ಗಾಜನ್ನು ಬೇರೆ, ಚೌಕಟ್ಟನ್ನು ಬೇರೆ, ವೈರನ್ನು ಬೇರೆ ನೋಡಿ

ಓದುಗರ ಪ್ರಶ್ನೆ: ಮೈಸೂರಿನಲ್ಲಿ ಹೊಸದಾಗಿ ಕಟ್ಟಿಸಿದ ಮನೆಯ ಮೆಟ್ಟಿಲ ಹಜಾರಕ್ಕೆ ಒಂದು ಶಾಂಡ್ಲಿಯರ್ ಹುಡುಕುತ್ತಿದ್ದೇವೆ. ಮಿಲಾನಿನಲ್ಲಿರುವ ಮಗಳು ಅಲ್ಲಿಯ ಹಳೆಯ ವಸ್ತುಗಳ ಅಂಗಡಿಯಲ್ಲಿ ಒಂದನ್ನು ನೋಡಿದ್ದಾಳೆ. "ವೆನೀನಿ, ಪೊಲಿಯೆದ್ರಿ, ಕಾರ್ಲೊ ಸ್ಕಾರ್ಪಾ, 1958" ಎಂದು ಚೀಟಿ ಇದೆ; ಅಂದರೆ ವೆನಿಸ್ ಬಳಿಯ ಗಾಜಿನ ದ್ವೀಪ ಮುರಾನೊದ ವೆನೀನಿ ಸಂಸ್ಥೆ, ಪೊಲಿಯೆದ್ರಿ ಎಂಬ ಬಹುಮುಖಿ ತುಂಡುಗಳ ಮಾದರಿ, ವಿನ್ಯಾಸಕಾರ ಸ್ಕಾರ್ಪಾ. 48 ಗಾಜಿನ ತುಂಡುಗಳು, ಅರ್ಧ ಬಣ್ಣವಿಲ್ಲದವು, ಅರ್ಧ ಹೊಗೆಬಣ್ಣದವು. ಬೆಲೆ 9,000 ಯೂರೋ. ಗಾಜಿನ ಮೇಲೆ ಸಹಿ ಇಲ್ಲ, ಆದರೆ ಒಂದು ತುಂಡಿನ ಮೇಲೆ 'ವೆಟ್ರೊ ಆರ್ಟಿಸ್ಟಿಕೊ ಮುರಾನೊ' ಎಂಬ ಸ್ಟಿಕ್ಕರ್ ಇದೆ. ಒಳಗಿನ ಬಿಳಿ ಚೌಕಟ್ಟಿಗೆ ಅಯಸ್ಕಾಂತ ಅಂಟಿತಂತೆ. ಮೂರು ತುಂಡುಗಳ ಅಂಚಿನಲ್ಲಿ ಚಕ್ಕೆ ಎದ್ದಿದೆ, ಒಂದರ ಕುತ್ತಿಗೆಯಲ್ಲಿ ಕೂದಲೆಳೆಯಷ್ಟು ಬಿರುಕು. ಚಾವಣಿಗೆ ಕೂರುವ ಹಿತ್ತಾಳೆ ಬಟ್ಟಲು ಕಪ್ಪಾಗಿದೆ. ಹುಣಸೆಹಣ್ಣು ಹಾಕಿ ತಿಕ್ಕಿದರೆ ಹೊಳೆಯುತ್ತದೆ ಎನ್ನುತ್ತಾರೆ ನಮ್ಮತ್ತೆ. ಎಲೆಕ್ಟ್ರಿಷಿಯನ್ ಹಳೆಯ ವೈರು, ಹೋಲ್ಡರ್ ಎಲ್ಲ ಕಿತ್ತು ಎಲ್‌ಇಡಿ ಪಟ್ಟಿ ಹಾಕೋಣ ಎನ್ನುತ್ತಾರೆ. ಇದು ಅಸಲಿಯೇ? ಕೊಳ್ಳಬಹುದೇ? ಫ್ಯಾನ್ ಹುಕ್ಕಿಗೆ ತೂಗಿದರೆ ತಡೆಯುತ್ತದೆಯೇ?

ಉತ್ತರ: ನೀವು ಕೇಳಿರುವುದು ಮೂರು ಪ್ರಶ್ನೆ, ಆದರೆ ಅಸಲಿಯೋ ನಕಲಿಯೋ ಎಂಬ ಭಯ ಉಳಿದೆರಡನ್ನೂ ಮುಚ್ಚಿಬಿಟ್ಟಿದೆ. ಹೂಜಿ, ಹೂದಾನಿಗಳ ವಿಷಯದಲ್ಲಿ ಅಸಲಿಯೇ ಎಂದು ಕೇಳಿದರೆ ಹೌದು ಅಥವಾ ಅಲ್ಲ ಎನ್ನಬಹುದು. ಪೊಲಿಯೆದ್ರಿಯಂಥ ದೀಪದ ವಿಷಯದಲ್ಲಿ ಹಾಗೆ ಹೇಳಲಾಗದು. ಅದು ಬಿಡಿಬಿಡಿ ಗಾಜುಗಳನ್ನು ಕೊಕ್ಕೆಯಿಂದ ಚೌಕಟ್ಟಿಗೆ ಸಿಕ್ಕಿಸಿದ ಜೋಡಣೆ. ಹೋಟೆಲ್ಲು, ಸಿನಿಮಾ ಮಂದಿರಗಳಿಗೆ ಮಾಡಿದ್ದ ನೂರಾರು ತುಂಡುಗಳ ದೊಡ್ಡ ದೀಪ ಕೆಳಗಿಳಿದಾಗ ಅದನ್ನು ಒಡೆದು ಹೊಸ ಚೌಕಟ್ಟುಗಳಿಗೆ ಹಂಚಿ ನಾಲ್ಕೈದು ಸಣ್ಣ ದೀಪ ಮಾಡುವುದು ಈ ವ್ಯಾಪಾರದಲ್ಲಿ ಮಾಮೂಲು. ಗಾಜು ಹಳೆಯದು, ಚೌಕಟ್ಟು ಹೊಸದು. ಚೌಕಟ್ಟು ಹಳೆಯದು, ಅರ್ಧ ಗಾಜು ಹೊಸದು. ಎರಡೂ ಹಳೆಯವು, ಆದರೆ ಬೇರೆ ಬೇರೆ ದೀಪಗಳವು. ಇವೆಲ್ಲ ಸಿಗುತ್ತವೆ. ಯಾವುದೂ ತಾನಾಗಿ ಮೋಸವಲ್ಲ. ಇದನ್ನು ಹೇಳದೆ ಪೂರ್ತಿ ಬೆಲೆ ಕೇಳಿದರೆ ಅದು ಮೋಸ.

ಚೀಟಿಯ ಇಸವಿಯಿಂದ ಶುರು ಮಾಡೋಣ. 1958 ಎನ್ನುವುದು ವಿನ್ಯಾಸಕ್ಕೆ ರೂಢಿಯಲ್ಲಿ ಕೊಡುವ ಇಸವಿ, ನಿಮ್ಮ ಮಗಳು ನೋಡಿದ ದೀಪ ತಯಾರಾದ ಇಸವಿಯಲ್ಲ. ವೆನೀನಿ ಸಂಸ್ಥೆ 1921ರಲ್ಲಿ ಶುರುವಾಯಿತು. ಸ್ಕಾರ್ಪಾ ಅಲ್ಲಿ ಕಲಾ ನಿರ್ದೇಶಕರಾಗಿ ಇದ್ದದ್ದು 1947ರವರೆಗೆ. ಪೊಲಿಯೆದ್ರಿ ಹೆಸರಾದದ್ದು ಅದಾದ ಮೇಲೆ. 1961ರಲ್ಲಿ ಟೂರಿನ್ನಿನ 'ಇಟಾಲಿಯಾ 61' ಪ್ರದರ್ಶನದ ವೆನೆಟೊ ಮಂಟಪದಲ್ಲಿ ಸಾವಿರಾರು ತುಂಡುಗಳ ಭಾರಿ ದೀಪವೊಂದನ್ನು ಸ್ಕಾರ್ಪಾ ತೂಗಿಸಿದರು. ಅರವತ್ತರ ದಶಕದ ಉದ್ದಕ್ಕೂ ಇವು ತಯಾರಾದವು, ಸಂಸ್ಥೆ ಇವತ್ತಿಗೂ ಇದೇ ಹೆಸರಿನಲ್ಲಿ ಹೊಸದನ್ನು ಮಾರುತ್ತದೆ. ಆದ್ದರಿಂದ "ಇದು ವೆನೀನಿಯೇ" ಎಂಬ ಮಾತು ನೂರಕ್ಕೆ ನೂರು ನಿಜವಾಗಿದ್ದೂ ದೀಪ ಹಳೆಯದಲ್ಲದೆ ಇರಬಹುದು. ಮಾರುವವರನ್ನು "ಈ ದೀಪ ಯಾವ ದಶಕದಲ್ಲಿ ತಯಾರಾದದ್ದು? ಹಾಗೆನ್ನಲು ಏನು ಆಧಾರ?" ಎಂದು ಕೇಳಿ.

ಇನ್ನು ಸ್ಟಿಕ್ಕರ್. ಅದರಿಂದ ನಿಮಗೆ ಧೈರ್ಯ ಬಂದಂತಿದೆ. ನನಗೆ ಅನುಮಾನ ಹುಟ್ಟಿಸಿದ್ದೇ ಅದು. 'ವೆಟ್ರೊ ಆರ್ಟಿಸ್ಟಿಕೊ ಮುರಾನೊ' ಎಂಬ ಮುದ್ರೆ ವೆನೆಟೊ ಪ್ರಾಂತ್ಯ 1994ರಲ್ಲಿ ಮಾಡಿದ 70ನೆಯ ಕಾನೂನಿನಿಂದ ಹುಟ್ಟಿದ್ದು. ಅದಕ್ಕಿಂತ ಮೂವತ್ತು ವರ್ಷ ಮೊದಲಿನ ಗಾಜಿನ ಮೇಲೆ ಅದು ಇರಲು ಸಾಧ್ಯವೇ ಇಲ್ಲ. ಮೂರು ಸಾಧ್ಯತೆಗಳಿವೆ. ಒಡೆದ ತುಂಡಿನ ಬದಲಿಗೆ ಇದೊಂದನ್ನು ಇತ್ತೀಚೆಗೆ ಮುರಾನೊದಲ್ಲಿ ಊದಿಸಿ ಸೇರಿಸಿದ್ದಾರೆ. ಅಥವಾ 48ಕ್ಕೆ 48ರೂ ಹೊಸವು, ಉಳಿದವುಗಳ ಸ್ಟಿಕ್ಕರ್ ಉದುರಿದೆ. ಅಥವಾ ಯಾರೋ ಬೇರೆ ಕಡೆಯಿಂದ ಕಿತ್ತು ಇಲ್ಲಿ ಅಂಟಿಸಿದ್ದಾರೆ. ಮೊದಲನೆಯದಾದರೆ ಚಿಂತೆಯಿಲ್ಲ. ಯಾವುದು ಎಂದು ತಿಳಿಯಲು ಆ ತುಂಡನ್ನು ಪಕ್ಕದ ತುಂಡುಗಳ ಜೊತೆ ಹೋಲಿಸಬೇಕು. ಹೇಗೆಂದು ಮುಂದೆ ಹೇಳುತ್ತೇನೆ.

ಸಹಿ ಇಲ್ಲದಿರುವುದು ದೋಷವಲ್ಲ. ಆ ಕಾಲದ ವೆನೀನಿ ಹೂದಾನಿಗಳ ತಳದಲ್ಲಿ ಆಮ್ಲದಿಂದ ಮೂಡಿಸಿದ 'ವೆನೀನಿ ಮುರಾನೊ ಇಟಾಲಿಯಾ' ಎಂಬ ಮುದ್ರೆ ಕಾಣುತ್ತದೆ. ದೀಪದ ತುಂಡುಗಳಿಗೆ ಅದನ್ನು ಸಾಮಾನ್ಯವಾಗಿ ಹಾಕುತ್ತಿರಲಿಲ್ಲ. ಆಮ್ಲದ ಮುದ್ರೆ ಒತ್ತಲು ಒಂದು ಅಚ್ಚು, ಒಂದು ಸೀಸೆ ದ್ರಾವಣ ಸಾಕು. ಸಹಿ ಇಲ್ಲದ 48 ತುಂಡುಗಳಿಗಿಂತ ಎಲ್ಲದರ ಮೇಲೂ ಚೊಕ್ಕವಾಗಿ ಸಹಿ ಇರುವ 48 ತುಂಡುಗಳು ನನ್ನ ನಿದ್ದೆ ಕೆಡಿಸುತ್ತವೆ.

ಅಯಸ್ಕಾಂತ ಅಂಟಿದ್ದಕ್ಕೂ ಹೆದರಬೇಡಿ. "ಇಟಲಿಯ ಒಳ್ಳೆಯ ದೀಪವೆಂದರೆ ಅಪ್ಪಟ ಹಿತ್ತಾಳೆ" ಎಂಬ ಮಾತು ಹುಟ್ಟಿದ್ದು ಬೇರೆ ಸಂಸ್ಥೆಗಳ ದೀಪಗಳಿಂದ. ವಿನ್ಯಾಸಕಾರ ಮ್ಯಾಕ್ಸ್ ಇಂಗ್ರಾಂಡ್ ಕಾಲದ ಫೊಂಟಾನಾ ಆರ್ಟೆಯ ದಪ್ಪ ಗಾಜಿನ ದೀಪಗಳು, ಬ್ರೂನೊ ಗಟ್ಟಾ 1946ರಲ್ಲಿ ಮಿಲಾನಿನಲ್ಲಿ ಶುರುಮಾಡಿದ ಸ್ಟಿಲ್ನೊವೊ, ಮೊಂಜಾ ಊರಿನ ಆಂಜೆಲೊ ಲೆಲ್ಲಿಯ ಅರ್ರೆದೊಲೂಚೆ, ಇವುಗಳಲ್ಲಿ ಲೋಹ ಕಣ್ಣಿಗೆ ಕಾಣುವ ಅಲಂಕಾರವೇ. ಅಲ್ಲಿ ಹಿತ್ತಾಳೆಯಂತೆ ಕಾಣುವ ತೋಳಿಗೆ ಅಯಸ್ಕಾಂತ ಅಂಟಿದರೆ ಕಬ್ಬಿಣಕ್ಕೆ ಲೇಪ ಕೊಟ್ಟ ನಕಲೆಂದು ಯೋಚಿಸಬೇಕು. ಪೊಲಿಯೆದ್ರಿಯಲ್ಲಿ ಚೌಕಟ್ಟು ಗಾಜಿನ ಹಿಂದೆ ಅಡಗಿ ಭಾರ ಹೊರುವ ಅಸ್ಥಿಪಂಜರ, ಬಿಳಿ ಬಣ್ಣ ಹಚ್ಚಿದ ಲೋಹ. ಅದು ಕಬ್ಬಿಣವಾಗಿದ್ದರೆ ಸಹಜವೇ.

ನೀವು ಕೇಳದ, ಆದರೆ ಅಂಗಡಿಯವರು ಹೇಳಬಹುದಾದ ಇನ್ನೊಂದು ಮಾತು: "ಗುಳ್ಳೆ ನೋಡಿ, ಕೈಯಿಂದ ಊದಿದ್ದು." ಮುರಾನೊದಲ್ಲಿ ಗುಳ್ಳೆ ಬೇಕೆಂದೇ ತುಂಬಿದ ಬಗೆಗಳಿವೆ, 'ಪುಲೆಗೊಸೊ' ಅಂಥದ್ದು. ಪೊಲಿಯೆದ್ರಿ ಆ ಬಗೆಯಲ್ಲ. ಸ್ವಚ್ಛವಾಗಿರಬೇಕಾದ ಗಾಜಿನಲ್ಲಿ ಗುಳ್ಳೆ ಚೆಲ್ಲಿದ್ದರೆ ಗಾಜು ಸರಿಯಾಗಿ ಕುದಿದಿಲ್ಲವೆಂದು ಅರ್ಥ. ಹಾಗೆಯೇ "ಕ್ರಿಸ್ಟಲ್" ಎಂದರೆ ಸೀಸ ಬೆರೆತ ಗಾಜೆಂದು ತಿಳಿಯಬೇಡಿ. ಮುರಾನೊದ್ದು ಪರಂಪರೆಯಿಂದ ಸೋಡಾ ಗಾಜು. ಅದು ನಿಧಾನವಾಗಿ ಗಟ್ಟಿಯಾಗುವುದರಿಂದ ಕುಶಲಕರ್ಮಿಗೆ ತಿದ್ದಲು ಸಮಯ ಸಿಗುತ್ತದೆ. ಬೆರಳಿನಿಂದ ತಟ್ಟಿದಾಗ ಗಂಟೆಯಂತೆ ಮೊಳಗದಿದ್ದರೆ ನಕಲಿ ಎನ್ನುವುದು ಸುಳ್ಳು.

ಹಾಗಾದರೆ ನೋಡಬೇಕಾದದ್ದೇನು? ಮಗಳು ಒಂದು ಅಡಿಗೆಮನೆ ತಕ್ಕಡಿ, ಒಂದು ಟಾರ್ಚು, ಒಂದು ಭೂತಗನ್ನಡಿ, 365 ನ್ಯಾನೋಮೀಟರಿನ ಒಂದು ಯುವಿ (ನೇರಳಾತೀತ ಬೆಳಕಿನ) ಟಾರ್ಚು ತೆಗೆದುಕೊಂಡು ಹೋಗಲಿ. ಪ್ರತಿ ಬಣ್ಣದಿಂದ ಆರಾರು ತುಂಡು ಇಳಿಸಿ ತೂಗಲಿ. ಪೊಲಿಯೆದ್ರಿಯನ್ನು ಅಚ್ಚಿನೊಳಗೆ ಬಾಯಿಂದ ಊದುತ್ತಾರೆ. ಅಚ್ಚು ಹೊರ ಆಕಾರವನ್ನಷ್ಟೇ ಕಟ್ಟುತ್ತದೆ. ಗೋಡೆಯ ದಪ್ಪ ಊದುವವನ ಉಸಿರಿಗೆ, ಕೊಳವೆಯಲ್ಲಿ ತೆಗೆದ ಗಾಜಿನ ಅಳತೆಗೆ ಬಿಟ್ಟಿದ್ದು. ಹಾಗಾಗಿ ತೂಕದಲ್ಲಿ ಎದ್ದು ಕಾಣುವ ಏರುಪೇರು ಇರಬೇಕು. ಎಲ್ಲದರ ನಡುವಿನ ವ್ಯತ್ಯಾಸ ನಾಲ್ಕೈದು ಗ್ರಾಮಿನೊಳಗೆ ಬಂದರೆ ಯಂತ್ರದ ಕೆಲಸ. ಆಮೇಲೆ ಕುತ್ತಿಗೆಯೊಳಕ್ಕೆ ಟಾರ್ಚು ಬಿಟ್ಟು ಒಳಗೋಡೆ ನೋಡಲಿ. ಊದಿದ ಗಾಜಿನಲ್ಲಿ ಹೊರಗಿನ ಮುಖಗಳ ಉಬ್ಬುತಗ್ಗು ಒಳಗೂ ಮೆತ್ತಗೆ ಮೂಡಿರುತ್ತದೆ, ಏಣುಗಳು ಸ್ವಲ್ಪ ಮೊಂಡಾಗಿರುತ್ತವೆ. ಯಂತ್ರದಲ್ಲಿ ಒತ್ತಿದ ಗಾಜಿಗೆ ಏಣು ಹರಿತ, ಒಳಭಾಗ ನುಣುಪಾದ ಕೊಳವೆ.

ಸವೆತವನ್ನು ನಕಲು ಮಾಡುವುದು ಎಲ್ಲಕ್ಕಿಂತ ಕಷ್ಟ. ಅರವತ್ತು ವರ್ಷ ಕೊಕ್ಕೆಯಲ್ಲಿ ತೂಗಿದ ಗಾಜಿನಲ್ಲಿ ಕೊಕ್ಕೆ ತಾಗುವ ಜಾಗದಲ್ಲೇ ಮಬ್ಬು ಉಜ್ಜುಗುರುತು, ಲೋಹದ ಕಲೆ ಇರುತ್ತದೆ. ಪಕ್ಕದ ತುಂಡಿಗೆ ತಾಗುವ ಏಣಿನಲ್ಲಿ ಸೂಜಿಮೊನೆಯಷ್ಟು ಚಕ್ಕೆಗಳಿರುತ್ತವೆ. ಬೇರೆಲ್ಲೂ ಇರುವುದಿಲ್ಲ. ಸ್ಟಿಕ್ಕರ್ ಇರುವ ತುಂಡಿನಲ್ಲಿ ಈ ಗುರುತು ಇಲ್ಲದೆ ಉಳಿದವುಗಳಲ್ಲಿ ಇದ್ದರೆ ಅದೊಂದೇ ಬದಲಿ ತುಂಡೆಂದು ತಿಳಿಯಿರಿ. ಕತ್ತಲಲ್ಲಿ ಯುವಿ ಬೆಳಕು ಹಾಯಿಸಿದರೆ ಅಂಟು ಹಾಕಿದ ಜಾಗ ನೀಲಿ-ಬಿಳಿಯಾಗಿ ಬೆಳಗುತ್ತದೆ. ಬೇರೆ ಕುಲುಮೆಯ ಗಾಜು ಗುಂಪಿನಲ್ಲಿ ಬೇರೆಯಾಗಿ ಕಾಣಬಹುದು. ಯುವಿ ಕಾಲವನ್ನು ಹೇಳುವುದಿಲ್ಲ, ಗುಂಪಿಗೆ ಸೇರದ್ದನ್ನು ತೋರಿಸುತ್ತದೆ ಅಷ್ಟೆ.

ಚೌಕಟ್ಟಿನಲ್ಲಿ ಬಣ್ಣ ನೋಡಬೇಕು. ಹಳೆಯ ಬಲ್ಬುಗಳ ಕಾವು ಮೇಲಕ್ಕೆ ಹೋಗುತ್ತದೆ, ಆದ್ದರಿಂದ ಪ್ರತಿ ಹೋಲ್ಡರಿನ ಮೇಲ್ಭಾಗದ ಬಿಳಿ ಬಣ್ಣ ಹಳದಿ-ಕಂದಾಗಿ, ಕೆಲವೊಮ್ಮೆ ಸಿಪ್ಪೆ ಎದ್ದಿರುತ್ತದೆ. ಬಲ್ಬಿನಿಂದ ದೂರದ ಕಡೆ ಬಿಳಿಯಾಗಿಯೇ ಉಳಿದಿರುತ್ತದೆ. ಚಹಾ ನೀರಿನಲ್ಲಿ ಅದ್ದಿದಂತೆ ಎಲ್ಲ ಕಡೆ ಒಂದೇ ಸಮನೆ ಹಳೆಯದಾಗಿದ್ದರೆ ಯಾರೋ ಹಳೆಯದು ಮಾಡಿದ್ದಾರೆ. ದೀಪದ ಭಾಗಗಳನ್ನು ಸೇರಿಸುವ ಟೊಳ್ಳು ಮರೆ (ತಿರುಪು) ಯೂರೋಪಿನಲ್ಲಿ ಎಂ10, ಒಂದು ಮಿಲಿಮೀಟರ್ ಪಿಚ್, ಅಂದರೆ 10 ಮಿಲಿಮೀಟರ್ ದಪ್ಪ, ಸುತ್ತಿನಿಂದ ಸುತ್ತಿಗೆ ಒಂದು ಮಿಲಿಮೀಟರ್. ಅಮೆರಿಕದ ಮರೆ ನೋಡಲು ಅಷ್ಟೇ ದಪ್ಪ, ಆದರೆ ಇದಕ್ಕೆ ಕೂರುವುದಿಲ್ಲ. ಬಲ್ಬಿನ ಹೋಲ್ಡರುಗಳು ಯೂರೋಪಿನ ಅಳತೆಯಾದ ಇ14 ಅಥವಾ ಇ27 ಇರಬೇಕು. ಅಮೆರಿಕದ ಅಳತೆಯಾದ ಇ12 ಇದ್ದರೆ ದೀಪ ಅಮೆರಿಕದ ಮಾರುಕಟ್ಟೆ ಸುತ್ತಿ ಬಂದಿದೆ ಎಂದರ್ಥ. ಇದು ಕಳಂಕವೇನಲ್ಲ, ಆದರೆ "ಮಿಲಾನಿನ ಒಂದೇ ಮನೆಯಲ್ಲಿ ಇದ್ದದ್ದು" ಎಂಬ ಕಥೆ ಅಲ್ಲಿಗೆ ಬಿತ್ತು.

ಚೌಕಟ್ಟಿನಲ್ಲಿರುವ ಕೊಕ್ಕೆಗಳನ್ನೂ ಎಣಿಸಲಿ. 48 ಗಾಜಿಗೆ 60 ಕೊಕ್ಕೆ ಇದ್ದರೆ 12 ಗಾಜು ಕಳೆದಿವೆ. ಇದನ್ನು ನೋಡದೆ ಕೊಂಡವರೇ ಹೆಚ್ಚು.

ಕಾಗದದ ಆಧಾರಕ್ಕೆ ವೆನೀನಿಯ ಹಳೆಯ ಕ್ಯಾಟಲಾಗುಗಳಿವೆ. ವೆನಿಸ್ಸಿನ ಸಾನ್ ಜಾರ್ಜೊ ಮಜ್ಜೋರೆ ದ್ವೀಪದಲ್ಲಿ ಚೀನಿ ಪ್ರತಿಷ್ಠಾನದ ಗಾಜಿನ ಅಧ್ಯಯನ ಕೇಂದ್ರ ಇಂಥ ದಾಖಲೆಗಳನ್ನು ಕೂಡಿಟ್ಟಿದೆ. ಮಗಳು ಇಟಲಿಯಲ್ಲೇ ಇರುವುದರಿಂದ ಮಾದರಿಯನ್ನು ಹೋಲಿಸಿ ನೋಡುವುದು ಆಗದ ಕೆಲಸವಲ್ಲ. ರಸೀದಿಯ ಪದಗಳ ಮೇಲೂ ಕಣ್ಣಿರಲಿ. 'ವೆನೀನಿ' ಎಂದಷ್ಟೇ ಬರೆದರೆ ಅದು ಹೊಣೆ ಹೊತ್ತ ಮಾತು. 'ಅತ್ತ್ರಿಬುಯಿತೊ' ಎಂದರೆ ಅವರದ್ದಿರಬಹುದೆಂಬ ಅಭಿಪ್ರಾಯ. 'ನೆಲ್ಲೊ ಸ್ತೀಲೆ ದಿ' ಎಂದರೆ ಆ ಶೈಲಿಯದು, ಅಂದರೆ ಅವರದ್ದಲ್ಲ. ಬಾಯಲ್ಲಿ ಮೊದಲನೆಯದು ಹೇಳಿ ರಸೀದಿಯಲ್ಲಿ ಮೂರನೆಯದು ಬರೆಯುವುದು ಹೊಸದೇನಲ್ಲ. ಕಾಲ, ಬದಲಿಸಿದ ತುಂಡುಗಳ ಸಂಖ್ಯೆ, ಚೌಕಟ್ಟು ಮೂಲದ್ದೇ ಎನ್ನುವ ಮೂರೂ ರಸೀದಿಯಲ್ಲೇ ಬರಲಿ. ಬರೆದುಕೊಡಲು ಒಪ್ಪದಿದ್ದರೆ 9,000 ಯೂರೋ ಕೊಡಬೇಡಿ; ಅಲಂಕಾರದ ದೀಪದ ಬೆಲೆಗೆ ಕೇಳಿ, ಇಲ್ಲವೇ ಬಿಡಿ.

ಚಕ್ಕೆ ಮತ್ತು ಬಿರುಕು

ಇವೆರಡೂ ಒಂದೇ ಅಲ್ಲ. ಕುತ್ತಿಗೆಯಲ್ಲಿ ಬಿರುಕಿರುವ ತುಂಡನ್ನು ಯಾವ ಅಂಟು ಹಾಕಿಯೂ ಮತ್ತೆ ತೂಗಬೇಡಿ. ಭಾರವೆಲ್ಲ ಬೀಳುವುದು ಅಲ್ಲೇ. ಬಲ್ಬಿನ ಕಾವಿಗೆ ಹಿಗ್ಗಿ ಕುಗ್ಗಿ ಬಿರುಕು ಸರಿಯುತ್ತಾ ಹೋಗುತ್ತದೆ, ಒಂದು ದಿನ ಮೆಟ್ಟಿಲ ಮೇಲೆ ಬೀಳುತ್ತದೆ. ಅದನ್ನು ಬಣ್ಣದ ಮಾದರಿಗಾಗಿ ಎತ್ತಿಡಿ.

ಅಂಚಿನ ಚಕ್ಕೆಗಳಿಗೆ ಮೂರು ದಾರಿ. ಒಳಮುಖಕ್ಕೆ ತಿರುಗಿಸಿ ತೂಗಿ ಸುಮ್ಮನಿರುವುದು; ನನ್ನ ಮೊದಲ ಆಯ್ಕೆ ಇದೇ. ಎರಡನೆಯದು ಗಾಜಿನಷ್ಟೇ ಬೆಳಕನ್ನು ಬಾಗಿಸುವ, ಅಂದರೆ ವಕ್ರೀಭವನ ಸೂಚ್ಯಂಕ 1.52ರ ಆಸುಪಾಸಿನ ಎಪಾಕ್ಸಿ ತುಂಬಿಸುವುದು. ಚೆನ್ನಾಗಿ ಮಾಡಿದರೆ ಕಾಣುವುದಿಲ್ಲ, ಮುಂದೆ ಬೇಡವೆನಿಸಿದರೆ ತೆಗೆಯಲೂಬಹುದು. ಅಗ್ಗದ ಎಪಾಕ್ಸಿ ಮಾತ್ರ ಕೆಲವೇ ವರ್ಷಗಳಲ್ಲಿ ಹಳದಿಯಾಗುತ್ತದೆ. ಮೂರನೆಯದು ಸಾಣೆ ಹಿಡಿದು ಏಣನ್ನೇ ಸವೆಸುವುದು. ಅಂಗಡಿಯವರು ಇದನ್ನೇ ಉಚಿತವಾಗಿ ಮಾಡಿಕೊಡುತ್ತೇವೆ ಎನ್ನುತ್ತಾರೆ. ಬೇಡವೆನ್ನಿ. ಮೊಂಡಾಗಿರಬೇಕಾದ ಏಣು ಹರಿತವಾಗಿ, ಆ ತುಂಡು ಗುಂಪಿನಲ್ಲಿ ಕಣ್ಣಿಗೆ ಹೊಡೆಯುತ್ತದೆ. ಕಳೆದ ಗಾಜು ಮರಳಿ ಬರುವುದಿಲ್ಲ.

ಬದಲಿ ತುಂಡು ಬೇಕೆಂದರೆ ಒಡೆದ ದೀಪಗಳ ಬಿಡಿ ತುಂಡುಗಳನ್ನು ಮಾರುವವರಿದ್ದಾರೆ. ಬಣ್ಣವಿಲ್ಲದ ಗಾಜು ಸುಲಭವಾಗಿ ಹೊಂದುತ್ತದೆ. ಹೊಗೆಬಣ್ಣ ಹಾಗಲ್ಲ, ಗೋಡೆ ದಪ್ಪವಾದಂತೆ ಬಣ್ಣವೂ ಗಾಢವಾಗುತ್ತದೆ. ಬಿರುಕು ತುಂಡನ್ನು ಪಕ್ಕಕ್ಕೆ ಹಿಡಿದು ಕಿಟಕಿ ಬೆಳಕಿನಲ್ಲಿ ನೋಡಿಯೇ ಕೊಳ್ಳಿ.

ವೈರು, ಬಲ್ಬು

ವೈರು ಬದಲಿಸಬೇಕು ಎನ್ನುವಲ್ಲಿ ನಿಮ್ಮ ಎಲೆಕ್ಟ್ರಿಷಿಯನ್ ಹೇಳಿದ್ದು ಸರಿ. ಆ ಕಾಲದ ರಬ್ಬರ್ ಹೊದಿಕೆ ಬಗ್ಗಿಸಿದರೆ ಪುಡಿಯಾಗುತ್ತದೆ, ಅರ್ತಿಂಗ್ ಬಹುತೇಕ ಇರುವುದೇ ಇಲ್ಲ. 180 ಡಿಗ್ರಿ ತಡೆಯುವ ಸಿಲಿಕೋನ್ ಹೊದಿಕೆಯ 0.75 ಚದರ ಮಿಲಿಮೀಟರ್ ವೈರು ಎಳೆಸಿ. ಕಬ್ಬಿಣದ ಚೌಕಟ್ಟು, ಹಿತ್ತಾಳೆ ಬಟ್ಟಲು ಎರಡನ್ನೂ ಹಸಿರು-ಹಳದಿ ವೈರಿನಿಂದ ಅರ್ತಿಂಗಿಗೆ ಸೇರಿಸಿ. ಅರ್ತಿಂಗ್ ಮರೆ ಕೂರುವ ಜಾಗದಲ್ಲಿ ಬಣ್ಣ ಕೆರೆಯದಿದ್ದರೆ ಸಂಪರ್ಕವೇ ಆಗದು, ಇದು ಎಲ್ಲರೂ ಮಾಡುವ ತಪ್ಪು. ಬಲ್ಬು ಹಾಕುವ ಮೊದಲು ವಿದ್ಯುತ್ ಸೋರಿಕೆ ಪತ್ತೆಮಾಡುವ 500 ವೋಲ್ಟ್ ಮೆಗ್ಗರ್‌ನಲ್ಲಿ ಪರೀಕ್ಷಿಸಿ. ವೈರಿಗೂ ಚೌಕಟ್ಟಿಗೂ ನಡುವೆ 2 ಮೆಗಾಓಮ್‌ಗಿಂತ ಕಡಿಮೆ ಬಂದರೆ ಎಲ್ಲೋ ಉಜ್ಜಿದೆ. ಟ್ರಾನ್ಸ್‌ಫಾರ್ಮರ್ ಬೇಡ, ಅಲ್ಲೂ ಇಲ್ಲೂ 230 ವೋಲ್ಟ್, 50 ಹರ್ಟ್ಸ್. ತೆಗೆದ ಹೋಲ್ಡರು, ವೈರುಗಳನ್ನು ಎಸೆಯದೆ ಚೀಟಿ ಬರೆದು ಚೀಲದಲ್ಲಿಡಿ. ಮುಂದೆ ಮಾರುವಾಗ ಕೊಳ್ಳುವವರು ಅದನ್ನೇ ಕೇಳುತ್ತಾರೆ.

ಎಲ್‌ಇಡಿ ಪಟ್ಟಿ ಮಾತ್ರ ಬೇಡ. ಏಣುಗಳು ಮಿನುಗಬೇಕಾದರೆ ಬೆಳಕು ಒಂದು ಚುಕ್ಕಿಯಿಂದ ಹೊರಡಬೇಕು. ಪಟ್ಟಿಯ ಚೆಲ್ಲಿದ ಬೆಳಕಿನಲ್ಲಿ, ಹಾಲುಗಾಜಿನ ಬಲ್ಬಿನಲ್ಲಿ ಪೊಲಿಯೆದ್ರಿ ಮಂಕಾಗಿ ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ. ಪಾರದರ್ಶಕ ಗಾಜಿನ ಫಿಲಮೆಂಟ್ ಎಲ್‌ಇಡಿ, 2700 ಕೆಲ್ವಿನ್ (ಹಳದಿ ಬೆಳಕು), ಬಣ್ಣ ಎಷ್ಟು ಸರಿಯಾಗಿ ಕಾಣುತ್ತದೆಂಬ ಅಳತೆ ಸಿಆರ್‌ಐ 90ಕ್ಕಿಂತ ಹೆಚ್ಚು, ತಲಾ 4 ವ್ಯಾಟ್ ಹಾಕಿ. ಹಳೆಯ 40 ವ್ಯಾಟ್ ಬಲ್ಬಿನಷ್ಟೇ ಬೆಳಕು, ಚೌಕಟ್ಟಿಗೆ ಕಾವಿಲ್ಲ.

ಚಾವಣಿ

ಫ್ಯಾನ್ ಹುಕ್ ಎಂದರೆ ಎರಡು ಬಗೆ. ಕಾಂಕ್ರೀಟ್ ಹಾಕುವ ಮೊದಲೇ ಕಂಬಿಗಳಿಗೆ ಸುತ್ತಿ ಕಟ್ಟಿದ 12 ಮಿಲಿಮೀಟರ್ ಸರಳಿನದು ಒಂದು, ಆಮೇಲೆ ಕೊರೆದು ಸಿಕ್ಕಿಸಿದ್ದು ಇನ್ನೊಂದು. ಗಾರೆ ಆದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ನಿಮ್ಮ ಮೇಸ್ತ್ರಿಯ ಬಳಿ ಚಾವಣಿಯ ಫೋಟೋ ಇದ್ದರೆ ನೋಡಿ. ಇಲ್ಲದಿದ್ದರೆ ನಂಬುವ ಬದಲು ಪರೀಕ್ಷೆ ಮಾಡಿ. ದೀಪಗಳ ಅಂತರರಾಷ್ಟ್ರೀಯ ಮಾನದಂಡದಲ್ಲಿ ತೂಗು ಭಾಗಕ್ಕೆ ದೀಪದ ನಾಲ್ಕು ಪಟ್ಟು ಭಾರವನ್ನು ಒಂದು ಗಂಟೆ ತೂಗಬೇಕೆಂದಿದೆ. ಹುಕ್ಕಿಗೂ ಅದೇ ಲೆಕ್ಕ ಹಿಡಿಯಿರಿ. ತುಂಡೊಂದು ಸರಾಸರಿ 400 ಗ್ರಾಂ ಎಂದುಕೊಂಡರೆ 48ಕ್ಕೆ 19 ಕಿಲೋ, ಚೌಕಟ್ಟು 6 ಕಿಲೋ, ಒಟ್ಟು 25. ನಾಲ್ಕು ಪಟ್ಟು ಎಂದರೆ 100 ಕಿಲೋ, ಅಂದರೆ ಎರಡು ಮೂಟೆ ಸಿಮೆಂಟು. ಮೂಟೆಗಳನ್ನು ನೆಲದಿಂದ ಒಂದು ಗೇಣು ಮೇಲೆ ತೂಗಿಬಿಟ್ಟು ಒಂದು ಗಂಟೆ ದೂರ ನಿಲ್ಲಿ. ಹುಕ್ಕಿನ ಸುತ್ತ ಗಾರೆಯಲ್ಲಿ ಗೆರೆ ಮೂಡಿದರೆ ಅಲ್ಲಿ ತೂಗಬೇಡಿ. ಲೆಕ್ಕಕ್ಕೆ ನಿಜವಾದ ತೂಕವನ್ನು ಮಗಳು ಅಂಗಡಿಯಲ್ಲೇ ತೆಗೆದುಕೊಳ್ಳಲಿ. ಫಾಲ್ಸ್ ಸೀಲಿಂಗಿನ ಜಿಪ್ಸಮ್ ಹಲಗೆಗೆ ಈ ಭಾರದಲ್ಲಿ ಒಂದು ಗ್ರಾಮನ್ನೂ ಹೊರಿಸಬೇಡಿ. ಮುಖ್ಯ ಹುಕ್ಕಲ್ಲದೆ ಬೇರೆ ಜಾಗದಲ್ಲಿ ಬಿಗಿದ ಒಂದು ಉಕ್ಕಿನ ಸುರಕ್ಷಾ ತಂತಿಯೂ ಇರಲಿ.

ಮೆಟ್ಟಿಲ ಹಜಾರವಾದ್ದರಿಂದ ಒಂದು ಮಾತು: ಬಲ್ಬು ಬದಲಿಸಲು ಏಣಿ ಎಲ್ಲಿಡುತ್ತೀರಿ ಎಂದು ಈಗಲೇ ಯೋಚಿಸಿ. ಜಾಗವಿಲ್ಲದಿದ್ದರೆ ಕೆಳಗಿಳಿಸುವ ರಾಟೆ ಕೂರಿಸಿಯೇ ತೂಗಬೇಕು.

ಹುಣಸೆಹಣ್ಣು

ಅತ್ತೆಯವರ ಉಪಾಯ ದೇವರ ಪಾತ್ರೆಗೆ ಸರಿ. ಬೆಳಗಿದ ಪಾತ್ರೆಯನ್ನು ಕೂಡಲೇ ತೊಳೆದು ಒರೆಸುತ್ತೇವೆ, ವಾರಕ್ಕೊಮ್ಮೆ ಮತ್ತೆ ಬೆಳಗುತ್ತೇವೆ. ದೀಪದ ಹಿತ್ತಾಳೆಯ ಮೇಲೆ ಸಾಮಾನ್ಯವಾಗಿ ರಕ್ಷಣೆಗೆ ತೆಳು ಲ್ಯಾಕರ್ ಲೇಪ ಇರುತ್ತದೆ. ಹುಣಸೆಯ ಆಮ್ಲ ಗೀರುಗಳ ಮೂಲಕ ಅದರಡಿ ನುಗ್ಗಿ ತೇಪೆ ತೇಪೆಯಾಗಿ ಬೆಳಗುತ್ತದೆ, ಮರೆಗಳ ಸಂದಿಯಲ್ಲಿ ಉಳಿದು ಹಸಿರು ಕಿಲುಬಾಗುತ್ತದೆ. ಜೊತೆಗೆ ಉಪ್ಪು ಹಾಕಿದರಂತೂ ಕೇಳಲೇಬೇಡಿ. ಹೆಚ್ಚು ಹೊತ್ತು ಬಿಟ್ಟರೆ ಸತು ಕರಗಿ ತಾಮ್ರದ ಗುಲಾಬಿ ಬಣ್ಣ ಹೊರಬರುತ್ತದೆ. ಹತ್ತಿಯಲ್ಲಿ ಅಸಿಟೋನ್ ಅದ್ದಿ ಬಟ್ಟಲಿನ ಒಳಬದಿ ಒಂದು ಚುಕ್ಕಿ ಉಜ್ಜಿ ನೋಡಿ. ಅಂಟಂಟಾದರೆ ಲ್ಯಾಕರ್ ಇದೆ. ಹಾಗಾದರೆ ಒದ್ದೆ ಬಟ್ಟೆ, ಒಣ ಬಟ್ಟೆ, ಮೇಲೊಂದು ತೆಳು ಮೇಣ, ಇಷ್ಟೇ. ಬರಿ ಹಿತ್ತಾಳೆಯಾದರೂ ಆ ಕಪ್ಪನ್ನು ಉಳಿಸಿಕೊಳ್ಳಿ ಎಂದೇ ಹೇಳುತ್ತೇನೆ. ಸಂಗ್ರಹಕಾರರು ಅದಕ್ಕೇ ಬೆಲೆ ಕೊಡುತ್ತಾರೆ.

ಗಾಜು ಒರೆಸುವ ಅಮೋನಿಯಾ ದ್ರಾವಣವನ್ನು ತೂಗಿದ ದೀಪಕ್ಕೆ ಸಿಂಪಡಿಸಬೇಡಿ. ಬಿಗಿತದಲ್ಲಿರುವ ಹಿತ್ತಾಳೆಗೆ ಅಮೋನಿಯಾ ತಾಗಿದರೆ ಅದು ಸೀಳುತ್ತದೆ. ಇದನ್ನು ಜಗತ್ತು ಕಲಿತದ್ದು ನಮ್ಮಲ್ಲೇ: ಬ್ರಿಟಿಷ್ ಸೇನೆ ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿಟ್ಟ ಹಿತ್ತಾಳೆ ತೋಟಾಗಳು ಲದ್ದಿ-ಮೂತ್ರದ ಅಮೋನಿಯಾಕ್ಕೆ ತಾವಾಗಿ ಬಿರುಕುಬಿಟ್ಟಿದ್ದವು. ಗಾಜನ್ನು ಒಂದೊಂದಾಗಿ ಇಳಿಸಿ, ತಳಕ್ಕೆ ಟವೆಲ್ ಹಾಸಿದ ಪ್ಲಾಸ್ಟಿಕ್ ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು, ಒಂದು ಹನಿ ಪಾತ್ರೆ ತೊಳೆಯುವ ಸೋಪಿನಿಂದ ತೊಳೆಯಿರಿ. ಕೊನೆಯ ನೀರು ಆರ್‌ಒ ಇರಲಿ. ಬೋರ್‌ವೆಲ್ ನೀರು ಒಣಗಿದ ಮೇಲೆ ಬಿಳಿ ಕಲೆ ಬಿಡುತ್ತದೆ. ಕುತ್ತಿಗೆ ಕೆಳಗಾಗಿ ಇಟ್ಟು ಎರಡು ದಿನ ಒಣಗಿಸಿ. ಟೊಳ್ಳಿನೊಳಗೆ ತೇವ ಉಳಿದರೆ ಸೋಡಾ ಗಾಜಿನಿಂದ ಕ್ಷಾರ ಬಿಟ್ಟು ಒಳಗೆ ಮಂಜು ಕಟ್ಟುತ್ತದೆ, ಅಲ್ಲಿಗೆ ಬೆರಳು ಹೋಗದು.

ಸಾಗಣೆ

ಇಟಲಿಯಲ್ಲಿ 2017ರ ತಿದ್ದುಪಡಿಯ ಪ್ರಕಾರ, ತೀರಿಕೊಂಡ ಕಲಾವಿದರ 70 ವರ್ಷ ದಾಟಿದ, 13,500 ಯೂರೋಗಿಂತ ಬೆಲೆಬಾಳುವ ವಸ್ತು ದೇಶ ಬಿಡಲು ಸರ್ಕಾರದ ಅನುಮತಿ ಬೇಕು. ಸ್ಕಾರ್ಪಾ ತೀರಿಕೊಂಡದ್ದು 1978ರಲ್ಲಿ. ಚೀಟಿಯ 1958 ನಿಜವೇ ಆದರೆ ದೀಪಕ್ಕೆ 70 ತುಂಬುವುದು 2028ಕ್ಕೆ, ನಿಮ್ಮ ಬೆಲೆಯೂ ಮಿತಿಯೊಳಗಿದೆ. ಆದರೂ ಅನುಮತಿ ಬೇಕಿಲ್ಲವೆಂಬ ಸ್ವಯಂಘೋಷಣೆಯ ಕಾಗದ ಮಾಡಿಸುವುದು ಮಾರುವವರ ಹೊಣೆ ಎಂದು ರಸೀದಿಯಲ್ಲೇ ಬರೆಸಿ. ಭಾರತದ ಕಸ್ಟಮ್ಸ್‌ನಲ್ಲಿ ಪುರಾತನ ವಸ್ತು ಎನಿಸಿಕೊಳ್ಳಲು 100 ವರ್ಷ ದಾಟಿರಬೇಕು. ಇದು ಸುಂಕ ಪಟ್ಟಿಯಲ್ಲಿ ಸಾಮಾನ್ಯ ದೀಪಗಳ 9405 ಶೀರ್ಷಿಕೆಯಲ್ಲೇ ಬರುತ್ತದೆ. ಸುಂಕವನ್ನು ಏಜೆಂಟರಿಂದ ಲೆಕ್ಕ ಹಾಕಿಸಿ ಒಟ್ಟು ಬೆಲೆಗೆ ಕೂಡಿಸಿದ ಮೇಲೆ ಚೌಕಾಸಿಗೆ ಕೂರಿ. ಮರದ ಪೆಟ್ಟಿಗೆಗೆ ಹುಳು ನಿವಾರಿಸಿದ್ದಕ್ಕೆ ಗುರುತಾದ ಐಎಸ್‌ಪಿಎಂ 15 ಮುದ್ರೆ ಇಲ್ಲದಿದ್ದರೆ ಬಂದರಿನಲ್ಲಿ ತಡೆಯುತ್ತಾರೆ. ಗಾಜುಗಳನ್ನು ಚೌಕಟ್ಟಿನಿಂದ ಪೂರ್ತಿ ಇಳಿಸಿ, ತಲಾ ಒಂದೊಂದು ಗೂಡಿನಲ್ಲಿಡಬೇಕು. ವಿಮೆಯಲ್ಲಿ "ಒಡೆಯುವ ವಸ್ತುಗಳಿಗೆ ಅನ್ವಯಿಸದು" ಎಂಬ ಸಾಲು ಅಡಗಿದೆಯೇ ನೋಡಿ.

ಇಳಿಸುವ ಮೊದಲು ಮಗಳು ನಾಲ್ಕೂ ಕಡೆಯಿಂದ ಫೋಟೋ ತೆಗೆದು, ಪ್ರತಿ ಕೊಕ್ಕೆಗೂ ಅದರ ಗಾಜಿಗೂ ಒಂದೇ ಸಂಖ್ಯೆಯ ದಾರದ ಚೀಟಿ ಕಟ್ಟಲಿ. ಟೇಪು ಬೇಡ, ಅದರ ಅಂಟು ಸೀದ ಬಣ್ಣವನ್ನು ಕಿತ್ತುಕೊಂಡು ಬರುತ್ತದೆ. ಮೈಸೂರಿನಲ್ಲಿ ಮೇಲಿನ ಸಾಲಿನಿಂದ ಶುರುಮಾಡಿ, ಎದುರುಬದುರಾಗಿ ಒಂದೊಂದೇ ಸಿಕ್ಕಿಸಿ. ಒಂದೇ ಪಕ್ಕ ತುಂಬುತ್ತಾ ಹೋದರೆ ಚೌಕಟ್ಟು ವಾಲಿ, ಅದುವರೆಗೆ ಸಿಕ್ಕಿಸಿದ್ದು ಪರಸ್ಪರ ಬಡಿದು ಇನ್ನೂ ನಾಲ್ಕು ಚಕ್ಕೆ ಏಳುತ್ತವೆ.